ಮೆದುಳಿನ ಬೈಪಾಸ್: ಆ ಬಳಿಕ ಸ್ಕ್ಯಾನ್ ಏಕೆ?

ಬೈಪಾಸ್ ಎಂದೊಡನೆ ಹೃದಯ ನೆನಪಾಗುತ್ತದೆ. ಆದರೆ ಮೆದುಳಿಗೂ ಬೈಪಾಸ್ ಇದೆ. ಟರ್ಕಿಯಲ್ಲಿ ಜನಿಸಿದ ಶಸ್ತ್ರವೈದ್ಯ ಗಾಝಿ ಯಾಶರ್‌ಗಿಲ್ 1967ರಲ್ಲಿ ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ ಇದನ್ನು ನಡೆಸಿ ದಾರಿ ತೋರಿದರು. ಕಿವಿಯ ಮುಂದೆ ಬೆರಳಿಟ್ಟರೆ ಮಿಡಿಯುವ ನೆತ್ತಿಯ ರಕ್ತನಾಳವನ್ನು ಮೆದುಳಿನ ಮೇಲ್ಮೈಯ ರಕ್ತನಾಳಕ್ಕೆ ಸೂಕ್ಷ್ಮದರ್ಶಕದ ಸಹಾಯದಿಂದ ಹೊಲಿಯುತ್ತಾರೆ. ಅದರ ನೂಲು ಕೂದಲಿಗಿಂತಲೂ ಸಪೂರ.

ಯಾರಿಗೆ ಬೇಕು?

ಮುಖ್ಯವಾಗಿ ಮೊಯಮೊಯ ಎಂಬ ಕಾಯಿಲೆಯವರಿಗೆ. ಇದರಲ್ಲಿ ಮೆದುಳಿನ ಮುಖ್ಯ ರಕ್ತನಾಳಗಳು ಕ್ರಮೇಣ ಕಿರಿದಾಗುತ್ತವೆ. ಅಲ್ಲಿ ಹುಟ್ಟುವ ಸಣ್ಣ ನಾಳಗಳ ಜಾಲವು ಆಂಜಿಯೋಗ್ರಾಂನಲ್ಲಿ ಹೊಗೆಯಂತೆ ಕಾಣುವುದರಿಂದ ಜಪಾನಿ ವೈದ್ಯರು ಈ ಹೆಸರಿಟ್ಟರು. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು. ಮಕ್ಕಳಲ್ಲೂ ಕಾಣಿಸುತ್ತದೆ. ಜೋರಾಗಿ ಅತ್ತಾಗ ಅಥವಾ ಬಿಸಿ ಆಹಾರವನ್ನು ಊದುವಾಗ ಮಗುವಿನ ಕೈ ಸೋತು, ಮಾತು ತೊದಲಿ, ಕೆಲವು ನಿಮಿಷಗಳಲ್ಲಿ ಸರಿಹೋಗಬಹುದು. ಇದನ್ನು ಹಠವೆಂದು ತಳ್ಳಿಹಾಕದೆ ತಾಯಂದಿರು ಕೂಡಲೇ ವೈದ್ಯರಿಗೆ ತೋರಿಸಬೇಕು.

ಲಕ್ಷಣ ಒಂದೇ, ಕಾರಣ ಎರಡು

ಮೆದುಳಿನ ಪ್ರತಿ 100 ಗ್ರಾಂ ಭಾಗಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಬೇಕು. ಅದು 20ಕ್ಕಿಂತ ಕೆಳಗಿಳಿದರೆ ಕೆಲಸ ಕುಂಠಿತವಾಗುತ್ತದೆ. 10ಕ್ಕಿಂತ ಕೆಳಗಿಳಿದರೆ ಜೀವಕೋಶಗಳು ಸಾಯತೊಡಗುತ್ತವೆ.

ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ರೋಗಿಯ ಮಾತು ತೊದಲಿದರೆ, ರಕ್ತ ಸಾಲದೆ ಹೀಗಾಗಿರಬಹುದು. ಅಥವಾ ಬಹುಕಾಲ ಬರಗಾಲದಲ್ಲಿದ್ದ ಭಾಗಕ್ಕೆ ಒಮ್ಮೆಲೇ ರಕ್ತ ಹೆಚ್ಚಾಗಿ ನುಗ್ಗಿರಲೂಬಹುದು. ಹೊರನೋಟಕ್ಕೆ ಎರಡೂ ಒಂದೇ. ಚಿಕಿತ್ಸೆ ಮಾತ್ರ ತದ್ವಿರುದ್ಧ. ಮೊದಲನೆಯದಕ್ಕೆ ರಕ್ತದೊತ್ತಡ ಕುಸಿಯದಂತೆ ಕಾಯಬೇಕು. ಎರಡನೆಯದಕ್ಕೆ ಒತ್ತಡವನ್ನು ಹದ್ದುಬಸ್ತಿನಲ್ಲಿಡಬೇಕು, ಇಲ್ಲವಾದರೆ ರಕ್ತಸ್ರಾವದ ಅಪಾಯವಿದೆ. ಇದನ್ನು ಊಹಿಸಿ ನಿರ್ಧರಿಸುವಂತಿಲ್ಲ. ಆದ್ದರಿಂದಲೇ ಸ್ಕ್ಯಾನ್.

ಆಂಜಿಯೋಗ್ರಾಂ ಹೊಸ ಕಾಲುವೆ ತೆರೆದಿದೆಯೇ ಎಂದು ತೋರಿಸುತ್ತದೆ. ಗದ್ದೆಗೆ ಎಷ್ಟು ನೀರು ತಲುಪಿತು ಎಂದು ತಿಳಿಯಲು ಪರ್ಫ್ಯೂಷನ್ ಸ್ಕ್ಯಾನ್ ಬೇಕು. ಸ್ಪೆಕ್ಟ್ ಸ್ಕ್ಯಾನ್‌ನಲ್ಲಿ ಅಲ್ಪ ಪ್ರಮಾಣದ ವಿಕಿರಣಶೀಲ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು, ಅದು ಮೆದುಳಿನಲ್ಲಿ ಹರಡಿದ ಬಗೆಯನ್ನು ಚಿತ್ರಿಸುತ್ತಾರೆ. ಗರ್ಭಿಣಿಯರೂ ಮೊಲೆಯುಣಿಸುವ ತಾಯಂದಿರೂ ಮೊದಲೇ ಇದನ್ನು ವೈದ್ಯರಿಗೆ ತಿಳಿಸಬೇಕು. ಎಂಆರ್‌ಐಯ ಒಂದು ವಿಧಾನದಲ್ಲಿ ಚುಚ್ಚುಮದ್ದೇ ಬೇಕಿಲ್ಲ. ರಕ್ತದಲ್ಲಿರುವ ನೀರಿಗೇ ಅಯಸ್ಕಾಂತದ ಗುರುತು ಹಾಕಿ ಹರಿವನ್ನು ಅಳೆಯುತ್ತಾರೆ.

ಹಾಗೆಂದು ಬೈಪಾಸ್ ಎಲ್ಲ ಪಾರ್ಶ್ವವಾಯುವಿಗೂ ಮದ್ದಲ್ಲ. ಕತ್ತಿನ ಮುಖ್ಯ ರಕ್ತನಾಳ ಮುಚ್ಚಿದವರ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಕ್ತದ ಹರಿವು ಸುಧಾರಿಸಿದರೂ ಎರಡು ವರ್ಷಗಳಲ್ಲಿ ಪಾರ್ಶ್ವವಾಯು ಕಡಿಮೆಯಾಗಲಿಲ್ಲ.

ಮನೆಯವರ ಗಮನಕ್ಕೆ

* ತಲೆವಸ್ತ್ರ ಧರಿಸುವವರು ಹೊಲಿಗೆ ಹಾಕಿದ ಬದಿಯಲ್ಲಿ ಬಿಗಿಯಾಗಿ ಕಟ್ಟಬಾರದು. ಕನ್ನಡಕದ ಕಡ್ಡಿಯೂ ಅಲ್ಲಿ ಒತ್ತಬಾರದು. ಹೊಸ ನಾಳ ಚರ್ಮದಡಿಯಲ್ಲೇ ಇರುತ್ತದೆ.
* ವೈದ್ಯರನ್ನು ಕೇಳದೆ ಆಸ್ಪಿರಿನ್ ನಿಲ್ಲಿಸಬೇಡಿ.
* ದೇಹದಲ್ಲಿ ನೀರು ಕಡಿಮೆಯಾದರೆ ಮೆದುಳಿನ ರಕ್ತದ ಹರಿವು ಕುಗ್ಗುತ್ತದೆ. ರಮಝಾನ್ ಉಪವಾಸದ ಬಗ್ಗೆ ಮೊದಲು ವೈದ್ಯರನ್ನು ಕೇಳಿ. ರೋಗಿಗೆ ಇಸ್ಲಾಮ್ ರಿಯಾಯಿತಿ ನೀಡಿದೆ. ಅದನ್ನು ಬಳಸಿಕೊಳ್ಳುವುದು ಈಮಾನಿನ ಕೊರತೆಯಲ್ಲ.
* ತೀವ್ರ ತಲೆನೋವು, ಅಪಸ್ಮಾರ, ಕೈಕಾಲಿನ ಬಲಹೀನತೆ ಅಥವಾ ಮಾತಿನ ತೊಡಕು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

'ಆಪರೇಷನ್ ಆಯಿತಲ್ಲ, ಮತ್ತೇಕೆ ಖರ್ಚು?' ಎಂದು ಸ್ಕ್ಯಾನ್ ಮುಂದೂಡಬೇಡಿ. ಮುಂದಿನ ಮದ್ದು ಯಾವುದೆಂದು ಹೇಳುವುದು ಆ ಚಿತ್ರವೇ. ಶಮನ ನೀಡುವವನು ಅಲ್ಲಾಹನು. ಎಚ್ಚರ ವಹಿಸುವ ಹೊಣೆ ನಮ್ಮದು.