ಯಾದಗಿರಿಯ ಆರೋಗ್ಯ ಸುಧಾರಣೆ: ಮೊದಲು ಬೇಕಿರುವುದು ಕಟ್ಟಡವೋ, ರಾತ್ರಿಪಾಳಿಯೋ?

ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾಗಿದ್ದು 2009ರ ಡಿಸೆಂಬರ್ 30ರಂದು. ಆಮೇಲೆ 371(ಜೆ) ಬಂತು, ಮಂಡಳಿಯ ಅನುದಾನ ಬಂತು, ವೈದ್ಯಕೀಯ ಕಾಲೇಜೂ ಶುರುವಾಯಿತು. ಆದರೆ 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೇರೆಯದೇ ಕತೆ ಹೇಳುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದವರು ಕರ್ನಾಟಕದಲ್ಲಿ ಶೇ. 35.4. ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು! ಕೃಷ್ಣೆಯ ಕಾಲುವೆ ನೀರಲ್ಲಿ ಭತ್ತ ಬೆಳೆಯುವ ಶಹಾಪುರ, ಸುರಪುರ ಇರುವುದೂ ಇದೇ ಜಿಲ್ಲೆಯಲ್ಲಿ.

ಹಾಗಾದರೆ ಸುಧಾರಣೆ ಎಲ್ಲಿಂದ ಶುರುವಾಗಬೇಕು? 'ಎಲ್ಲವೂ ಬೇಕು' ಅನ್ನುವುದು ಬೇಡಿಕೆಪಟ್ಟಿ, ಆದ್ಯತೆಯಲ್ಲ. ಯಾವುದು ತಡವಾದರೆ ಜೀವ ಹೋಗುತ್ತದೆ, ಯಾವುದು ತಪ್ಪಿದರೆ ಮತ್ತೆ ಸರಿಪಡಿಸಲಾಗದು ಎಂಬ ಎರಡು ಪ್ರಶ್ನೆ ಕೇಳಿದರೆ ಸಾಲು ತಾನಾಗಿಯೇ ಸಿಗುತ್ತದೆ.

ಒಂದು: ತಾಲೂಕಿನಲ್ಲೇ ರಾತ್ರಿ ಸಿಸೇರಿಯನ್

ಹುಣಸಗಿ ಕಡೆಯ ಹಳ್ಳಿಯೊಂದರಲ್ಲಿ ನಡುರಾತ್ರಿ ಹೆರಿಗೆ ನೋವು ಶುರುವಾಯಿತು ಅಂದುಕೊಳ್ಳಿ. ಸುರಪುರಕ್ಕೆ ಬಂದರೆ 'ಯಾದಗಿರಿಗೆ ಒಯ್ಯಿರಿ', ಅಲ್ಲಿಂದ 'ಕಲಬುರಗಿಗೆ ಒಯ್ಯಿರಿ' ಅಂದರೆ ಏನು ಗತಿ? ಹೆರಿಗೆ ನಂತರದ ತೀವ್ರ ರಕ್ತಸ್ರಾವ ಎರಡೇ ಗಂಟೆಯಲ್ಲಿ ಪ್ರಾಣ ತೆಗೆಯಬಲ್ಲದು.

ಇದನ್ನು ತಪ್ಪಿಸಲು ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು, ನರ್ಸ್‌ಗಳು, ರಕ್ತ ಸಂಗ್ರಹ ಘಟಕ ಒಂದೇ ಹೊತ್ತಿಗೆ, ಒಂದೇ ಕಡೆ ಇರಬೇಕು. ಅರಿವಳಿಕೆ ಕೊಡುವವರು ಇಲ್ಲಾಂದ್ರೆ ಉಳಿದವರಿದ್ದೂ ಆಪರೇಷನ್ ಥಿಯೇಟರ್ ಬರೀ ಕೋಣೆ. ಹಾಗಾಗಿ ಹುದ್ದೆಗಳನ್ನು ಬಿಡಿಬಿಡಿಯಾಗಿ ಅಲ್ಲ, ತಂಡವಾಗಿ ತುಂಬಬೇಕು. ಅವರು ಇಲ್ಲೇ ಉಳಿಯುವಂತೆ ವಸತಿಗೃಹ, ಹೆಚ್ಚುವರಿ ಭತ್ಯೆ, ಇಂತಿಷ್ಟು ವರ್ಷದ ನಂತರ ಖಚಿತ ವರ್ಗಾವಣೆ ಕೊಡಬೇಕು.

ಎರಡು: ಗುಳೆ ಹೋದವರ ಲೆಕ್ಕ

ಗರ್ಭಿಣಿಗೆ ಕನಿಷ್ಠ 180 ದಿನ ಕಬ್ಬಿಣಾಂಶದ ಮಾತ್ರೆ ಸಿಗಬೇಕು ಎನ್ನುತ್ತದೆ ಸರ್ಕಾರದ ನಿಯಮ. ಆದರೆ ಸುಗ್ಗಿ ಮುಗಿಯುತ್ತಲೇ ಬೆಂಗಳೂರು, ಹೈದರಾಬಾದ್, ಮುಂಬೈಗೆ ದುಡಿಯಲು ಹೋಗುವ ಹೆಣ್ಣುಮಗಳಿಗೆ ಅದನ್ನು ಕೊಡುವವರು ಯಾರು? ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಹೆಸರಿರುತ್ತದೆ, ಆಕೆ ಊರಲ್ಲಿರುವುದಿಲ್ಲ. ರಕ್ತಹೀನತೆ ಇರುವ ತಾಯಿಗೆ ಸಣ್ಣ ರಕ್ತಸ್ರಾವವೂ ದೊಡ್ಡ ಅಪಾಯ. ಹೊರಡುವ ಮುನ್ನವೇ ತಪಾಸಣೆ, ಕೈಗೆ ಮಾತ್ರೆ, ಹೋಗುವ ಊರಿನ ಆರೋಗ್ಯ ಕೇಂದ್ರಕ್ಕೆ ಮಾಹಿತಿ: ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.

ಮೂರು: ಮೊದಲ ಸಾವಿರ ದಿನ

ಗರ್ಭಧಾರಣೆಯಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಅವಧಿಯಲ್ಲಿ ಕುಂಠಿತವಾದ ಬೆಳವಣಿಗೆಯನ್ನು ಆಮೇಲೆ ಪೂರ್ತಿ ತುಂಬಿಕೊಡಲು ಆಗದು. ತೀವ್ರ ಅಪೌಷ್ಟಿಕತೆಯ ಜೊತೆಗೆ ಆರೋಗ್ಯದ ತೊಡಕೂ ಇರುವ ಮಗುವನ್ನು ಸುಮಾರು 14 ದಿನ ಪುನಶ್ಚೇತನ ಕೇಂದ್ರದಲ್ಲಿ ಇರಿಸಬೇಕು. ಅಷ್ಟು ದಿನ ತಾಯಿಯ ಕೂಲಿ ಹೋಗುತ್ತದೆ, ಮನೆಯಲ್ಲಿ ಉಳಿದ ಮಕ್ಕಳಿರುತ್ತವೆ. ಕೂಲಿ ನಷ್ಟವನ್ನು ಸಕಾಲಕ್ಕೆ, ಪೂರ್ತಿಯಾಗಿ ಕೊಡದಿದ್ದರೆ ಹಾಸಿಗೆ ಖಾಲಿಯೇ ಉಳಿಯುತ್ತದೆ.

ಹೊಸ ಕಟ್ಟಡ, ದುಬಾರಿ ಯಂತ್ರಗಳು ಬೇಡ ಎಂದಲ್ಲ, ಅವು ಈ ಮೂರರ ನಂತರ ಬರಲಿ. ಕಟ್ಟಡಕ್ಕೆ ಉದ್ಘಾಟನೆ ಇರುತ್ತದೆ, ರಾತ್ರಿಪಾಳಿಯ ಅರಿವಳಿಕೆ ತಜ್ಞರಿಗೆ ಇರುವುದಿಲ್ಲ. ಕ್ರಮ ತಲೆಕೆಳಗಾಗುವುದು ಅಲ್ಲೇ.

ಜನ ಕೇಳಬೇಕಾದ ಲೆಕ್ಕವೂ ಸರಳ. ಶಹಾಪುರ, ಸುರಪುರ ಆಸ್ಪತ್ರೆಗಳಿಂದ ಈ ತಿಂಗಳು ಎಷ್ಟು ಗರ್ಭಿಣಿಯರನ್ನು ಬೇರೆಡೆಗೆ ಕಳಿಸಲಾಯಿತು, ಯಾಕೆ? ಪ್ರತಿ ತಿಂಗಳೂ ಇದನ್ನು ಆಸ್ಪತ್ರೆಯ ಫಲಕದಲ್ಲಿ ಬರೆಯಲಿ. ಆ ಸಂಖ್ಯೆ ಇಳಿದರೆ ಸುಧಾರಣೆ ಆಗಿದೆ ಎನ್ನೋಣ.