ಕ್ಷ-ಕಿರಣದ ಲೆಕ್ಕಾಚಾರ

ಸಚಿನ್‌ನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಕ್ಷ-ಕಿರಣದ ಕೋಣೆ ಹೊಸದಲ್ಲ. ಆದರೆ ಚಿತ್ರ ತೆಗೆಯುವಾಗ ತಂತ್ರಜ್ಞನು ಮರೆಗೆ ಸರಿಯುವುದೇಕೆ?

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಈ ಕಿರಣಗಳು ಮಾಂಸದಲ್ಲಿ ಸುಮಾರು 3–4 ಸೆಂಟಿಮೀಟರು ಸಾಗುವಷ್ಟರಲ್ಲಿ ಅರ್ಧವಾಗುತ್ತವೆ. ಮತ್ತೆ ಅಷ್ಟೇ ಸಾಗಿದರೆ ಉಳಿಯುವುದು ಕಾಲುಭಾಗ. ಪರಮಾಣುವು ಕಿರಣವನ್ನು ಹೀರುವ ಶಕ್ತಿಯು ಬಹುಮಟ್ಟಿಗೆ ಅದರ ಪರಮಾಣು ಸಂಖ್ಯೆಯ ಘನವನ್ನು ಅನುಸರಿಸುತ್ತದೆ. ಮಾಂಸದಲ್ಲಿ ಹೇರಳವಾಗಿರುವ ಆಮ್ಲಜನಕದ ಸಂಖ್ಯೆ 8, ಮೂಳೆಯ ಕ್ಯಾಲ್ಸಿಯಂನದು 20. ಎರಡೂವರೆಯ ಘನ 15ಕ್ಕೂ ಹೆಚ್ಚು! ಮೂಳೆಯನ್ನು ದಾಟುವ ಕಿರಣ ಕಡಿಮೆಯಾದ್ದರಿಂದಲೇ ಚಿತ್ರದಲ್ಲಿ ಅದು ಬಿಳುಪು. ಸೀಸದ ಸಂಖ್ಯೆ 82. ಆದ್ದರಿಂದ ಅದರ ತೆಳುಹಾಳೆಯೂ ಕವಚವಾಗಬಲ್ಲದು.

ದೂರ ಇಮ್ಮಡಿಯಾದರೆ ಕಿರಣದ ತೀವ್ರತೆ ಕಾಲುಭಾಗಕ್ಕಿಳಿಯುತ್ತದೆ. ಜೊತೆಗೆ ಹೋದವರು ಹೊರಗಿರಲಿ. ಗರ್ಭಿಣಿಯಾಗಿರುವ ಸಂಭವವಿದ್ದರೆ ಸೋದರಿಯರು ಮೊದಲೇ ತಿಳಿಸಲಿ. ವೈದ್ಯರು ಅವಶ್ಯವೆಂದ ಚಿತ್ರಕ್ಕೆ ಅಂಜಬೇಕಾಗಿಲ್ಲ. ಅನವಶ್ಯವಾದುದನ್ನು ಕೇಳಿ ತೆಗೆಸಿಕೊಳ್ಳಬಾರದು.