ಸೊಂಟದಿಂದ ಕಾಲಿಗೆ ಇಳಿಯುವ ನೋವು

ನಾವು ಹೆಂಗಸರೂ ಕಬಡ್ಡಿ, ಖೋ ಖೋ ಆಡುತ್ತೇವೆ. ಆಡಿದ ಮೇಲೆ ಕೆಲವರಿಗೆ ಸೊಂಟ ಹಿಡಿಯುತ್ತೆ. ನೋವು ತೊಡೆಯ ಹಿಂದೆ ಇಳಿದು ಪಾದಕ್ಕೆ ಬರುತ್ತೆ. ಕಾಲು ಜುಮ್ಮೆನ್ನುತ್ತೆ. ಇದೇ ಸಯಾಟಿಕಾ.

ಬೆನ್ನುಮೂಳೆಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಬಿಲ್ಲೆ ಉಬ್ಬಿದರೆ ಕಾಲಿಗೆ ಹೋಗುವ ನರವನ್ನು ಒತ್ತುತ್ತೆ. ನೋವು ಕಾಲಲ್ಲಿ, ಮೂಲ ಸೊಂಟದಲ್ಲಿ! ಅದಕ್ಕೇ ಕಾಲಿಗೆ ಎಣ್ಣೆ ತಿಕ್ಕಿದರೆ ಸಾಲದು.

ನೋವಿದ್ದಾಗ ಆಟ ಬಿಡೋಣ. ತುಂಬಿದ ಕೊಡ ಎತ್ತುವುದು ಬೇಡ. ಅದನ್ನು ಗಂಡಸರೂ ಎತ್ತಬಹುದಲ್ಲ! ಹಾಗಂತ ಮಲಗಿಯೇ ಇರಬಾರದು. ನಿಧಾನ ನಡೆಯೋಣ. ಬಹಳ ಜನರಿಗೆ 6ರಿಂದ 12 ವಾರದಲ್ಲಿ ಕಡಿಮೆಯಾಗುತ್ತೆ. ಆಮೇಲೆ ಮೊದಲು ಓಟ, ಕೊನೆಗೆ ಕಬಡ್ಡಿ.

ಪಾದ ಎತ್ತಲಾಗದಿದ್ದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ, ತಿಳಿಯದೆ ಹೋದರೆ ನಾಚಿಕೆ ಬೇಡ. ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಕಾಲಿನ ಬಲ ಮರಳಿ ಬಾರದೆ ಇರಬಹುದು.